ಘಾಟಿಯಲ್ಲಿ ಮೂರನೇ ಗೇರ್ ಯಾಕೆ ಸೋಲುತ್ತದೆ?

ಕಳೆದ ಸಂಚಿಕೆಯಲ್ಲಿ ಟಯರ್ ಗಾಳಿಯ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಪತ್ರಗಳಲ್ಲಿ ಟಯರ್ ಬಗ್ಗೆ ಕೇಳಿದವರು ಕಮ್ಮಿ, ಗೇರ್ ಬಗ್ಗೆ ಕೇಳಿದವರೇ ಜಾಸ್ತಿ. ಮಳೆ ಬಿಟ್ಟು ಜನ ಘಾಟಿ ಹತ್ತಿ ಇಳಿಯಲು ಶುರು ಮಾಡಿದ್ದಾರೆ ಅಂತ ಅದರಲ್ಲೇ ಗೊತ್ತಾಗುತ್ತದೆ. ತೀರ್ಥಹಳ್ಳಿಯ ನಮ್ಮ ಗ್ಯಾರೇಜಿಗೂ ಈಗ ಬರುವುದು ಕ್ಲಚ್ ಸುಟ್ಟ, ಬ್ರೇಕ್ ಕಾದ ಗಾಡಿಗಳೇ. ಮೊದಲ ಪತ್ರಕ್ಕೆ ಉದ್ದದ ಉತ್ತರ ಬೇಕು. ಅದೊಂದು ತಲೆಗೆ ಹೋದರೆ ಉಳಿದವಕ್ಕೆ ಹೆಚ್ಚು ಹೇಳಬೇಕಾಗಿಲ್ಲ.

ಪ್ರಶ್ನೆ: ಸರ್, ನನ್ನದು ಹೊಸ 1.2 ಲೀಟರ್ ಪೆಟ್ರೋಲ್ ಕಾರು. 83 ಎಚ್‌ಪಿ ಇದೆ. ಉಡುಪಿಯಿಂದ ವಾಪಸ್ ಬರುವಾಗ ನಾಲ್ಕು ಜನ ಇದ್ದೆವು, ಡಿಕ್ಕಿ ತುಂಬ ಸಾಮಾನು. ಆಗುಂಬೆ ಘಾಟಿಯ ತಿರುವುಗಳಲ್ಲಿ ಮೂರನೇ ಗೇರ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೂ ಗಾಡಿ ಏಳಲಿಲ್ಲ. ಗಡಗಡ ನಡುಗಿತು. ನಮ್ಮ ಮಾವನ ಬೊಲೆರೊ 75 ಎಚ್‌ಪಿಯದ್ದು. ಅದು ಅಡಿಕೆ ಮೂಟೆ ಹಾಕಿಕೊಂಡು ಅದೇ ಘಾಟಿ ಹತ್ತುತ್ತದೆ. ಶೋರೂಮಿನವರು ಗಾಡಿಯಲ್ಲಿ ತೊಂದರೆ ಏನೂ ಇಲ್ಲ ಅನ್ನುತ್ತಾರೆ. ಈ ಎಚ್‌ಪಿ ಲೆಕ್ಕವೇ ಸುಳ್ಳಾ? (ಶಿವಮೊಗ್ಗದ ಓದುಗರು)

ಉತ್ತರ: ಲೆಕ್ಕ ಸುಳ್ಳಲ್ಲ. ಶೋರೂಮಿನವರು ಹೇಳಿದ್ದೂ ಸರಿ ಇರಬೇಕು. ಆದರೆ 83 ಎಚ್‌ಪಿ ಯಾವಾಗ ಸಿಗುತ್ತದೆ ಅಂತ ನಿಮಗೆ ಯಾರೂ ಹೇಳಿದಂತಿಲ್ಲ.

ಮೊದಲು ಟಾರ್ಕ್ ಅಂದರೇನು ನೋಡೋಣ. ಪಂಕ್ಚರ್ ಆದಾಗ ವೀಲ್ ಸ್ಪ್ಯಾನರ್ ಹಿಡಿದು ನಟ್ ಬಿಚ್ಚಿದ್ದೀರಲ್ವಾ? ನಟ್ ಜಗ್ಗದಿದ್ದರೆ ನಮ್ಮ ಹುಡುಗರು ಸ್ಪ್ಯಾನರಿಗೆ ಒಂದು ಪೈಪ್ ತೂರಿಸಿ ಉದ್ದ ಮಾಡಿಕೊಳ್ಳುತ್ತಾರೆ. ಕೈಯ ಬಲ ಅಷ್ಟೇ, ತಿರುಗಿಸುವ ಬಲ ಜಾಸ್ತಿ. ಆ ತಿರುಗಿಸುವ ಬಲವೇ ಟಾರ್ಕ್. 25 ಸೆಂ.ಮೀ. ಸ್ಪ್ಯಾನರಿನ ತುದಿಯಲ್ಲಿ 40 ಕೆ.ಜಿ. ಭಾರ ಹಾಕಿ ಒತ್ತಿದರೆ ಹತ್ತಿರ ಹತ್ತಿರ 100 ನ್ಯೂಟನ್ ಮೀಟರ್ (ಎನ್‌ಎಂ) ಆಗುತ್ತದೆ. ನಿಮ್ಮಂಥ ಕಾರಿನ ಎಂಜಿನ್ ಕೊಡುವ ಟಾರ್ಕ್ ಎಷ್ಟು ಗೊತ್ತಾ? ಬಹಳ ಅಂದರೆ 113.

ಅಂದರೆ ನಟ್ ಬಿಚ್ಚುವ ನಿಮಗೂ ಎಂಜಿನ್ನಿಗೂ ತಿರುಗಿಸುವ ಬಲದಲ್ಲಿ ದೊಡ್ಡ ವ್ಯತ್ಯಾಸವೇ ಇಲ್ಲ! ವ್ಯತ್ಯಾಸ ಇರುವುದು ವೇಗದಲ್ಲಿ. ನೀವು ಒಂದು ಸಲ ಕಾಲು ಸುತ್ತು ತಿರುಗಿಸಿ ಉಸ್ಸಪ್ಪಾ ಅನ್ನುತ್ತೀರಿ. ಎಂಜಿನ್ ಅದೇ ಬಲದಲ್ಲಿ ನಿಮಿಷಕ್ಕೆ 4000 ಸುತ್ತು ತಿರುಗುತ್ತದೆ. ಟಾರ್ಕನ್ನು ಸುತ್ತಿನಿಂದ ಗುಣಿಸಿದರೆ ಸಿಗುವುದು ಪವರ್, ಅಂದರೆ ಎಚ್‌ಪಿ. ಎಂಜಿನ್ ತಿರುಗದಿದ್ದರೆ ಎಚ್‌ಪಿ ಇಲ್ಲ.

ಈಗ ನಿಮ್ಮ ಗಾಡಿಯ ಜೊತೆ ಬಂದ ಪುಸ್ತಕ ತೆಗೆಯಿರಿ. 83ರ ಪಕ್ಕದಲ್ಲಿ 6000 ಆರ್‌ಪಿಎಂ, ಅಂದರೆ ನಿಮಿಷಕ್ಕೆ 6000 ಸುತ್ತು ಅಂತ ಇರುತ್ತದೆ. 113 ಎನ್‌ಎಂ ಪಕ್ಕದಲ್ಲಿ 4200 ಆರ್‌ಪಿಎಂ. ಮಾವನ ಬೊಲೆರೊದಲ್ಲಿ 75 ಎಚ್‌ಪಿ 3600 ಆರ್‌ಪಿಎಂನಲ್ಲೇ ಬರುತ್ತದೆ. ಟಾರ್ಕ್ 210 ಎನ್‌ಎಂ, ಅದೂ 1600ರಿಂದ 2200ರ ಒಳಗೆ. ಟರ್ಬೊ ಇರುವ ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗುವಾಗಲೇ ಸಿಲಿಂಡರಿಗೆ ಗಾಳಿ ಒತ್ತಿ ತುಂಬಿಸಿಕೊಳ್ಳುತ್ತದೆ. ಅದಕ್ಕೇ ಈ ಎಳೆತ.

ಎರಡೂ ಎಂಜಿನ್ 1800 ಆರ್‌ಪಿಎಂನಲ್ಲಿ ಇವೆ ಅಂದುಕೊಳ್ಳಿ. ಬೊಲೆರೊ ಆಗ 54 ಎಚ್‌ಪಿ ಕೊಡುತ್ತಿರುತ್ತದೆ. ನಿಮ್ಮದು ಆ ಹಂತದಲ್ಲಿ 95 ಎನ್‌ಎಂ ಕೊಟ್ಟಿತು ಅಂತ ಧಾರಾಳವಾಗಿ ಇಟ್ಟುಕೊಂಡರೂ ಲೆಕ್ಕ ಬರುವುದು 24 ಎಚ್‌ಪಿ. ಪುಸ್ತಕದಲ್ಲಿ 83 ಇದ್ದರೇನು, ಆ ಕ್ಷಣಕ್ಕೆ ನೀವು ಓಡಿಸುತ್ತಿರುವುದು 24 ಎಚ್‌ಪಿಯ ಗಾಡಿ. (ಬೊಲೆರೊ ಭಾರವೂ ಜಾಸ್ತಿ, ಅದರ ಗೇರ್ ಲೆಕ್ಕವೂ ಬೇರೆ. ಹಾಗಾಗಿ ಕಾಗದದ ಮೇಲಿನ ಈ ಎರಡು ಪಟ್ಟು ರಸ್ತೆಯಲ್ಲಿ ಪೂರ್ತಿ ಸಿಗುವುದಿಲ್ಲ. ಮಾವನಿಗೆ ಇದನ್ನು ಹೇಳಲು ಹೋಗಬೇಡಿ.)

ಇನ್ನು ಗೇರ್ ವಿಷಯ. ಸಣ್ಣ ಗೇರ್ ದೊಡ್ಡ ಗೇರನ್ನು ತಿರುಗಿಸಿದರೆ ದೊಡ್ಡದು ನಿಧಾನ ತಿರುಗುತ್ತದೆ, ಆದರೆ ಬಲವಾಗಿ ತಿರುಗುತ್ತದೆ. ಎಷ್ಟು ಪಟ್ಟು ವೇಗ ಕಮ್ಮಿಯೋ ಅಷ್ಟು ಪಟ್ಟು ಟಾರ್ಕ್ ಜಾಸ್ತಿ. ಗೇರ್‌ಬಾಕ್ಸ್ ಹೊಸದಾಗಿ ಶಕ್ತಿ ಹುಟ್ಟಿಸುವುದಿಲ್ಲ, ವೇಗ ಕೊಟ್ಟು ಬಲ ತಗೊಳ್ಳುತ್ತದೆ ಅಷ್ಟೇ.

ಸಣ್ಣ ಕಾರುಗಳಲ್ಲಿ ಒಂದನೇ ಗೇರ್ ಸುಮಾರು 3.5 ಪಟ್ಟು, ಎರಡನೆಯದು 1.9, ಮೂರನೆಯದು 1.3, ನಾಲ್ಕನೆಯದು 1, ಐದನೆಯದು 0.75 ಇರುತ್ತದೆ. ಇದಾದ ಮೇಲೆ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್‌ನಲ್ಲಿ ಇನ್ನೊಂದು ಸುಮಾರು 4 ಪಟ್ಟು. ಹಾಗಾಗಿ ಎಂಜಿನ್ 100 ಎನ್‌ಎಂ ಕೊಟ್ಟರೆ ಒಂದನೇ ಗೇರ್‌ನಲ್ಲಿ ಚಕ್ರಗಳಿಗೆ 1400 ತಲುಪುತ್ತದೆ. ಮೂರರಲ್ಲಿ 520. ಐದರಲ್ಲಿ ಬರೀ 300. ಚಕ್ರದ ನಡುವಿನಿಂದ ರಸ್ತೆಗೆ 28 ಸೆಂ.ಮೀ. ಅಂತ ಹಿಡಿದರೆ ಒಂದನೇ ಗೇರ್‌ನಲ್ಲಿ ಗಾಡಿಯನ್ನು ಮುಂದಕ್ಕೆ ತಳ್ಳುವ ಬಲ 510 ಕೆ.ಜಿ. ಮೂರರಲ್ಲಿ 190. ಐದರಲ್ಲಿ 109.

ಘಾಟಿ ಎಷ್ಟು ಕೇಳುತ್ತದೆ? ಜನ, ಸಾಮಾನು ಸೇರಿ ಗಾಡಿ 1200 ಕೆ.ಜಿ. ಇರಲಿ. ಹತ್ತು ಅಡಿ ಹೋದರೆ ಒಂದು ಅಡಿ ಏರುವ ರಸ್ತೆ ಇರಲಿ. ಗಾಡಿಯನ್ನು ಹಿಂದಕ್ಕೆ ಜಗ್ಗುವ ಬಲ 120 ಕೆ.ಜಿ. ಟಯರ್ ಉರುಳಲು ಇನ್ನೊಂದು 16. ಒಟ್ಟು 136. ಐದನೇ ಗೇರ್ ಮಾತೇ ಬೇಡ. ಮೂರರಲ್ಲಿ 190 ಇದೆ, ಸಾಕಲ್ವಾ ಅನಿಸುತ್ತದೆ. ಆದರೆ ಆ 190 ಸಿಗಲು ಎಂಜಿನ್ ಪೂರ್ತಿ 100 ಎನ್‌ಎಂ ಕೊಡಬೇಕು. ತಿರುವಿನಲ್ಲಿ ನಿಮ್ಮ ವೇಗ 25 ಕಿ.ಮೀ.ಗೆ ಬಿದ್ದಿರುತ್ತದೆ. ಮೂರನೇ ಗೇರ್‌ನಲ್ಲಿ 25 ಅಂದರೆ ಎಂಜಿನ್ 1230 ಆರ್‌ಪಿಎಂ. ಅಲ್ಲಿ 80 ಎನ್‌ಎಂ ಬಂದರೆ ಚಕ್ರದ ಹತ್ತಿರ 150 ಕೆ.ಜಿ. ಗೇರ್‌ಗಳ ತಿಕ್ಕಾಟದಲ್ಲಿ ಹತ್ತರಲ್ಲಿ ಒಂದು ಪಾಲು ಹೋಯಿತು ಅನ್ನಿ. ಉಳಿದದ್ದು 135. ಬೇಕಾದದ್ದು 136! ಗಾಡಿ ಏಳುವುದು ಎಲ್ಲಿಂದ? ಹೇರ್‌ಪಿನ್ ತಿರುವಿನ ಒಳಮಗ್ಗುಲು ಇನ್ನೂ ಕಡಿದು ಬೇರೆ.

ಆಕ್ಸಿಲರೇಟರ್ ತುಳಿದರೆ ಎಂಜಿನ್ನಿಗೆ ಗಾಳಿ ಪೆಟ್ರೋಲ್ ಜಾಸ್ತಿ ಹೋಗುತ್ತದೆ, ನಿಜ. ಆದರೆ ಸುತ್ತೇ ಕಮ್ಮಿ ಇರುವಾಗ ಅದರಿಂದ ಬರುವುದು ನಡುಕ, ನಾಕಿಂಗ್ ಅಷ್ಟೇ. ನೀವು ಕಂಡ ಗಡಗಡ ಅದೇ. ಪಿಸ್ಟನ್ ಬೇರಿಂಗುಗಳಿಗೆ ಇದಕ್ಕಿಂತ ಕೆಟ್ಟ ಶಿಕ್ಷೆ ಇಲ್ಲ.

ಅದೇ 25ರಲ್ಲಿ ಎರಡಕ್ಕೆ ಇಳಿಸಿ. ಎಂಜಿನ್ ಸುಮಾರು 1800ಕ್ಕೆ ಏರುತ್ತದೆ, ಗೇರ್ ಒಂದೂವರೆ ಪಟ್ಟು ಬಲ ಸೇರಿಸುತ್ತದೆ. ಗಾಡಿ ತಾನಾಗೇ ಹತ್ತುತ್ತದೆ. ಆಗುಂಬೆಯ 14 ತಿರುವುಗಳಲ್ಲಿ ಕೆಲವು ಕಡೆ ಮುಂದೆ ಗಾಡಿ ನಿಧಾನವಾಗಿ 15ಕ್ಕೆ ಇಳಿಯಬೇಕಾಗುತ್ತದೆ. ಆಗ ಎರಡರಲ್ಲೂ ಎಂಜಿನ್ ಸಾವಿರದ ಹತ್ತಿರ ಬಂದುಬಿಡುತ್ತದೆ. ನಾಚಿಕೆ ಇಲ್ಲದೆ ಒಂದಕ್ಕೆ ಹಾಕಿ. ಒಂದನೇ ಗೇರ್ ಇರುವುದು ಬರೀ ಗಾಡಿ ಹೊರಡಿಸಲು ಅಂತ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿರುತ್ತಾರೆ. ಘಾಟಿಯಲ್ಲಿ ಆ ಪಾಠ ಮರೆತುಬಿಡಿ.

ಇನ್ನೊಂದು ಮಾತು. ಗೇರ್ ಇಳಿಸುವುದು ತಿರುವಿನ ಮೊದಲು, ಗಾಡಿ ಇನ್ನೂ ಓಡುತ್ತಿರುವಾಗ. ಉಸಿರು ಕಟ್ಟಿದ ಮೇಲೆ ಇಳಿಸಲು ಹೋದರೆ ಕ್ಲಚ್ ಒತ್ತಿದ ಆ ಒಂದು ಸೆಕೆಂಡಿನಲ್ಲೇ ಗಾಡಿ ನಿಲ್ಲುತ್ತದೆ, ಹಿಂದಿನವನು ಹಾರ್ನ್ ಹೊಡೆಯುತ್ತಾನೆ, ನೀವು ಹಾಫ್ ಕ್ಲಚ್‌ನಲ್ಲಿ ಒದ್ದಾಡುತ್ತೀರಿ. ರಸ್ತೆ ಕಿರಿದಾಗಿರುವಲ್ಲಿ ಇಳಿಯುವ ಗಾಡಿ ಏರುವ ಗಾಡಿಗೆ ದಾರಿ ಬಿಡಬೇಕು ಅಂತ ನಿಯಮವೇ ಇದೆ. ಪಾಲಿಸುವವರು ಕಮ್ಮಿ, ಆದರೂ ನೀವು ಇಳಿಯುವಾಗ ನೆನಪಿಟ್ಟುಕೊಳ್ಳಿ.

ಪ್ರಶ್ನೆ: ನಾನು ಟ್ಯಾಕ್ಸಿ ಓಡಿಸುತ್ತೇನೆ. ಚಾರ್ಮಾಡಿ ಇಳಿಯುವಾಗ ನ್ಯೂಟ್ರಲ್ ಮಾಡಿಕೊಂಡರೆ ಪೆಟ್ರೋಲ್ ಉಳಿಯುತ್ತದೆ ಅಂತ ಹಿರಿಯ ಡ್ರೈವರ್‌ಗಳು ಹೇಳುತ್ತಾರೆ. ನಿಜವಾ ಅಣ್ಣಾ? (ಮೂಡಿಗೆರೆಯ ಓದುಗರು)

ಉತ್ತರ: ಕಾರ್ಬ್ಯುರೇಟರ್ ಕಾಲದಲ್ಲಿ ಸ್ವಲ್ಪ ನಿಜ ಇತ್ತು. ಈಗಿನ ಇಂಜೆಕ್ಷನ್ ಗಾಡಿಗಳಲ್ಲಿ ಉಲ್ಟಾ. ಗಾಡಿ ಗೇರ್‌ನಲ್ಲಿದ್ದು, ನೀವು ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ಅದನ್ನು ಕಂಪ್ಯೂಟರ್ ಗುರುತಿಸಿ ಪೆಟ್ರೋಲ್ ನಿಲ್ಲಿಸಿಬಿಡುತ್ತದೆ. ನ್ಯೂಟ್ರಲ್ ಮಾಡಿದಿರೋ, ಎಂಜಿನ್ ಆಫ್ ಆಗದಿರಲಿ ಅಂತ ಐಡ್ಲಿಂಗ್‌ಗೆ ಬೇಕಾದಷ್ಟು ಪೆಟ್ರೋಲ್ ಹಾಕಲೇಬೇಕು. ಉಳಿಸಲು ಹೋಗಿ ಖರ್ಚು.

ದುಡ್ಡಿನ ಮಾತು ಬಿಡಿ, ಬ್ರೇಕ್ ಕಥೆ ಕೇಳಿ. 1200 ಕೆ.ಜಿ. ಗಾಡಿ 500 ಮೀಟರ್ ಎತ್ತರದಿಂದ ಇಳಿದಾಗ ಹುಟ್ಟುವ ಶಾಖದಲ್ಲಿ ಸುಮಾರು 18 ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತದೆ. ಗಾಳಿಗೆ, ಟಯರಿಗೆ ಒಂದಷ್ಟು ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಉಳಿದದ್ದೆಲ್ಲ ಬ್ರೇಕ್ ಡಿಸ್ಕು, ಪ್ಯಾಡು, ಡ್ರಮ್ಮಿನ ಮೇಲೇ. ಪ್ಯಾಡ್ ಅತಿಯಾಗಿ ಕಾದರೆ ಹಿಡಿತ ಹೋಗುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿ ನೀರು ಹೀರಿಕೊಂಡಿದ್ದರೆ ಅದು ಕುದಿದು ಗುಳ್ಳೆ ಏಳುತ್ತದೆ. ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಕೊಟ್ಟಿಗೆಹಾರದಿಂದ ಇಳಿಯುವ ದಾರಿಯಲ್ಲಿ ಅದು ಬೇಕಾ?

ಗೇರ್‌ನಲ್ಲಿ ಇಳಿದರೆ ಎಂಜಿನ್ನೇ ಅರ್ಧ ಕೆಲಸ ಮಾಡುತ್ತದೆ. ಪೆಟ್ರೋಲ್ ಎಂಜಿನ್ನಿನ ಗಾಳಿಯ ದಾರಿ ಮುಚ್ಚಿರುವಾಗ ಪಿಸ್ಟನ್‌ಗಳು ಕಷ್ಟಪಟ್ಟು ಗಾಳಿ ಎಳೆಯಬೇಕು. ಆ ಕಷ್ಟವೇ ಗಾಡಿಯನ್ನು ಹಿಡಿದಿಡುತ್ತದೆ. ಕೆಳಗಿನ ಗೇರ್ ಇದ್ದಷ್ಟೂ ಹಿಡಿತ ಜಾಸ್ತಿ, ಕಾರಣ ಅದೇ 1.3, 1.9ರ ಲೆಕ್ಕ. ಯಾವ ಗೇರ್‌ನಲ್ಲಿ ಹತ್ತುತ್ತೀರೋ ಅದೇ ಗೇರ್‌ನಲ್ಲಿ ಇಳಿಯಿರಿ ಅಂತ ಲಾರಿ ಡ್ರೈವರ್‌ಗಳು ಹೇಳುವುದು ಅಪ್ಪಟ ಸತ್ಯ.

ಕೀ ತಿರುಗಿಸಿ ಎಂಜಿನ್ ಆಫ್ ಮಾಡಿ ಇಳಿಯುವ ಮಹಾನುಭಾವರೂ ಇದ್ದಾರೆ. ಬ್ರೇಕ್ ಹಗುರ ಮಾಡುವ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ ಓಡುತ್ತಿದ್ದರೆ ಮಾತ್ರ. ಎರಡು ಮೂರು ಸಲ ಒತ್ತುವಷ್ಟರಲ್ಲಿ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೀರಿಂಗ್ ಕೂಡ ಹೋಯಿತು. ಅಂಥವರ ಪಕ್ಕ ಕೂರಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡ್ ಕಡೆ ದಿನಾ ಓಡಾಟ. 25,000 ಕಿ.ಮೀ.ಗೇ ಕ್ಲಚ್ ಪ್ಲೇಟ್ ಹೋಗಿದೆ ಅಂತಾರೆ. ಊರಲ್ಲಿ ಅಪ್ಪನ ಕಾರು ಲಕ್ಷ ಕಿ.ಮೀ. ಆದರೂ ಮೊದಲಿನ ಕ್ಲಚ್ಚಲ್ಲೇ ಇದೆ. ನನಗೆ ಮೋಸ ಮಾಡುತ್ತಿದ್ದಾರಾ? (ಬೆಂಗಳೂರಿನ ಓದುಗರು)

ಉತ್ತರ: ಮೋಸವೇ ಆಗಿರಬೇಕಿಲ್ಲಮ್ಮ. ಪರೀಕ್ಷೆ ಸುಲಭ. ಖಾಲಿ ರಸ್ತೆಯ ಏರಿನಲ್ಲಿ ನಾಲ್ಕನೇ ಗೇರ್ ಹಾಕಿ, 50ರ ವೇಗದಲ್ಲಿ ಆಕ್ಸಿಲರೇಟರ್ ಜೋರಾಗಿ ತುಳಿಯಿರಿ. ಎಂಜಿನ್ ಸುತ್ತು ಮಾತ್ರ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ.

ಮೇಲಿನ ಲೆಕ್ಕವನ್ನೇ ತಗೊಳ್ಳಿ. ಎಂಜಿನ್ 800ರಲ್ಲಿ ಐಡ್ಲಿಂಗ್ ಇದ್ದಾಗ ಒಂದನೇ ಗೇರ್‌ನಲ್ಲಿ ಗಾಡಿಯ ವೇಗ ಗಂಟೆಗೆ 6 ಕಿ.ಮೀ. ಅದಕ್ಕಿಂತ ನಿಧಾನ ಹೋಗಬೇಕೆಂದರೆ ಕ್ಲಚ್ ಜಾರಲೇಬೇಕು, ಬೇರೆ ದಾರಿ ಇಲ್ಲ. ಎಂಜಿನ್ ಜೊತೆ ತಿರುಗುವ ಫ್ಲೈವೀಲ್ ಒಂದು ವೇಗದಲ್ಲಿ, ಕ್ಲಚ್ ಪ್ಲೇಟ್ ಇನ್ನೊಂದು ವೇಗದಲ್ಲಿ ಉಜ್ಜಿಕೊಂಡು ತಿರುಗುತ್ತವೆ. ಸಿಲ್ಕ್ ಬೋರ್ಡ್ ಟ್ರಾಫಿಕ್ ಅಂದರೆ ಪೂರ್ತಿ ಅದೇ. ನಿಮ್ಮಪ್ಪ ಊರಲ್ಲಿ ದಿನಕ್ಕೆ ನಾಲ್ಕೈದು ಸಲ ಗಾಡಿ ಹೊರಡಿಸಬಹುದು. ನೀವು ಒಂದು ಸಿಗ್ನಲ್ ದಾಟುವುದರಲ್ಲಿ ಅಷ್ಟು ಸಲ ಹೊರಡಿಸುತ್ತೀರಿ. ಕ್ಲಚ್ಚಿನ ಆಯಸ್ಸನ್ನು ಕಿಲೋಮೀಟರಿನಲ್ಲಿ ಅಳೆಯುವುದೇ ತಪ್ಪು.

ಮುಂದಿನ ಗಾಡಿ ಎರಡಡಿ ಸರಿದ ತಕ್ಷಣ ನೀವೂ ಎರಡಡಿ ಸರಿಯಬೇಡಿ. ಸ್ವಲ್ಪ ಜಾಗ ಆಗಲಿ. ಆಮೇಲೆ ಒಂದನೇ ಗೇರ್ ಹಾಕಿ ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರ್ ಮುಟ್ಟದೆ ಆ 6 ಕಿ.ಮೀ. ವೇಗದಲ್ಲಿ ಉರುಳಲು ಬಿಡಿ. ನಡುವೆ ಬೈಕುಗಳು ನುಗ್ಗುತ್ತವೆ, ನುಗ್ಗಲಿ. ಫ್ಲೈಓವರ್ ಏರಿನಲ್ಲಿ ಗಾಡಿ ನಿಲ್ಲಿಸಬೇಕಾದಾಗ ಹಾಫ್ ಕ್ಲಚ್‌ನಲ್ಲಿ ತೂಗಾಡಿಸಬೇಡಿ. ಹ್ಯಾಂಡ್‌ಬ್ರೇಕ್ ಇರುವುದು ಅದಕ್ಕೇ. ಓಡಿಸುವಾಗ ಎಡಗಾಲನ್ನು ಕ್ಲಚ್ ಪೆಡಲ್ ಮೇಲೆ ಸುಮ್ನೆ ಇಟ್ಟುಕೊಳ್ಳುವ ಅಭ್ಯಾಸ ಇದ್ದರೆ ಬಿಡಿ. ಕಾಲಿನ ಭಾರ ಸಾಕು ರಿಲೀಸ್ ಬೇರಿಂಗ್ ಸವೆಯಲು.

ಬದಲಾಯಿಸುವುದೇ ಆದರೆ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಒಂದಕ್ಕಾದರೂ ಗೇರ್‌ಬಾಕ್ಸ್ ಇಳಿಸಲೇಬೇಕು, ಮೂರಕ್ಕಾದರೂ ಇಳಿಸಲೇಬೇಕು. ಕೂಲಿ ಒಂದೇ. ಹಳೆಯ ಪ್ಲೇಟನ್ನು ಕೇಳಿ ನೋಡಿ. ರಿವೆಟ್ ಮಟ್ಟಕ್ಕೆ ಸವೆದಿದ್ದರೆ ಅನುಮಾನ ಬಿಡಿ.

ಪ್ರಶ್ನೆ: ಮುಂದಿನ ಗೇರ್‌ಗಳು ನುಣ್ಣಗೆ ಬೀಳುತ್ತವೆ. ರಿವರ್ಸ್ ಹಾಕುವಾಗ ಮಾತ್ರ ಕರ್ರ್ ಅನ್ನುತ್ತದೆ. ಗೇರ್ ಹಲ್ಲು ಮುರಿದಿರಬಹುದಾ? (ದಾವಣಗೆರೆಯ ಓದುಗರು)

ಉತ್ತರ: ಮುರಿದಿದ್ದರೆ ಕರ್ರ್ ಅಲ್ಲ, ಬೇರೆಯೇ ಸಂಗೀತ ಕೇಳುತ್ತಿತ್ತು. ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಇದು: ಮುಂದಿನ ಗೇರ್‌ಗಳು ನೀವು ಲಿವರ್ ತಳ್ಳಿದಾಗ ಹೋಗಿ ಕಚ್ಚಿಕೊಳ್ಳುವುದಲ್ಲ. ಐದೂ ಜೋಡಿ ಯಾವಾಗಲೂ ಕಚ್ಚಿಕೊಂಡೇ ತಿರುಗುತ್ತಿರುತ್ತವೆ. ಆದರೆ ಪ್ರತಿ ಜೋಡಿಯಲ್ಲಿ ಒಂದು ಗೇರ್ ಶಾಫ್ಟಿನ ಮೇಲೆ ಸಡಿಲವಾಗಿ ತಿರುಗುತ್ತಿರುತ್ತದೆ. ಲಿವರ್ ತಳ್ಳಿದರೆ ಒಂದು ಸ್ಲೀವ್ ಸರಿದು, ಬೇಕಾದ ಗೇರನ್ನು ಶಾಫ್ಟಿಗೆ ಬಿಗಿಯುತ್ತದೆ. ಬಿಗಿಯುವ ಮೊದಲು ಎರಡರ ವೇಗ ಒಂದೇ ಆಗಬೇಕು. ಆ ಕೆಲಸ ಸಿಂಕ್ರೊ ರಿಂಗಿನದು. ಹೆಚ್ಚಾಗಿ ಹಿತ್ತಾಳೆಯದು. ಅದು ಉಜ್ಜಿಕೊಂಡು ಎರಡನ್ನೂ ಒಂದೇ ವೇಗಕ್ಕೆ ತರುತ್ತದೆ. ಇದನ್ನು 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಂಪನಿ ಮೊದಲು ಕಾರಿನಲ್ಲಿ ತಂದಿತು. ಇದಿಲ್ಲದ ಹಳೇ ಲಾರಿಗಳಲ್ಲಿ ಡ್ರೈವರ್ ಡಬಲ್ ಕ್ಲಚ್ ಹೊಡೆಯಬೇಕಿತ್ತು. ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಸ್ವಲ್ಪ ರೇಸ್, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್. ಆ ರೇಸ್ ಎಷ್ಟು ಕೊಡಬೇಕು ಅಂತ ಕಿವಿಯಲ್ಲೇ ಗೊತ್ತಾಗಬೇಕು. ಅದು ಬಲ್ಲ ಡ್ರೈವರ್‌ಗಳು ಗೇರ್ ಬದಲಾಯಿಸಿದ್ದು ಹಿಂದೆ ಕೂತವರಿಗೆ ಗೊತ್ತೇ ಆಗುತ್ತಿರಲಿಲ್ಲ.

ನಿಮ್ಮ ರಿವರ್ಸ್‌ಗೆ ಈ ಸಿಂಕ್ರೊ ಇರಲಿಕ್ಕಿಲ್ಲ. ಅನೇಕ ಕಾರುಗಳಲ್ಲಿ ರಿವರ್ಸ್‌ಗೆ ಒಂದು ನಡುಗೇರ್ ನಿಜವಾಗಿಯೂ ಸರಿದು ಹೋಗಿ ಕಚ್ಚಿಕೊಳ್ಳುತ್ತದೆ. ಗಾಡಿ ನಿಂತೇ ಇರಬೇಕು, ಒಳಗಿನ ಶಾಫ್ಟ್ ಕೂಡ ನಿಂತಿರಬೇಕು. ಕ್ಲಚ್ ಒತ್ತಿ ಎರಡು ಮೂರು ಸೆಕೆಂಡ್ ಕಾಯಿರಿ, ಆಮೇಲೆ ರಿವರ್ಸ್ ಹಾಕಿ. ಇಲ್ಲವೇ ಒಮ್ಮೆ ಒಂದನೇ ಗೇರ್ ಹಾಕಿ ತೆಗೆದು ರಿವರ್ಸ್‌ಗೆ ತಳ್ಳಿ. ಒಂದನೆಯದರ ಸಿಂಕ್ರೊ ಶಾಫ್ಟನ್ನು ನಿಲ್ಲಿಸಿಕೊಡುತ್ತದೆ. ಕಾದರೂ ಕರ್ರ್ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಕೇಬಲ್ ಇದ್ದರೆ ಅಡ್ಜಸ್ಟ್ ಮಾಡಿಸಿ, ಹೈಡ್ರಾಲಿಕ್ ಇದ್ದರೆ ಆಯಿಲ್ ಸೋರುತ್ತಿದೆಯಾ ನೋಡಿಸಿ.

ಹಾಗೆಯೇ ಗೇರ್ ಆಯಿಲ್ ಹಾಕಿಸುವಾಗ ಪುಸ್ತಕದಲ್ಲಿ ಬರೆದಿರುವ ಗ್ರೇಡನ್ನೇ ಹಾಕಿಸಿ. ಜಿಎಲ್-4 ಅಂತ ಇದ್ದಲ್ಲಿ, ನಂಬರ್ ದೊಡ್ಡದು ಒಳ್ಳೆಯದಿರಬೇಕು ಅಂತ ಜಿಎಲ್-5 ಹಾಕಿದರೆ ಕೆಲವು ಆಯಿಲ್‌ಗಳು ಹಿತ್ತಾಳೆ ರಿಂಗನ್ನೇ ತಿನ್ನುತ್ತವೆ.

ಪ್ರಶ್ನೆ: ಐದರಿಂದ ನೇರ ಮೂರಕ್ಕೋ ಎರಡಕ್ಕೋ ಇಳಿಸಬಹುದಾ? ಒಂದೊಂದಾಗಿಯೇ ಬರಬೇಕಾ? (ಹುಬ್ಬಳ್ಳಿಯ ಓದುಗರು)

ಉತ್ತರ: ಬಿಟ್ಟು ಬಿಟ್ಟು ಹಾಕಬಹುದು. ವೇಗ ಹೊಂದಬೇಕು, ಅಷ್ಟೇ. ಮೊದಲ ಉತ್ತರದ ಗಾಡಿಯಲ್ಲಿ ಎಂಜಿನ್ 3000 ಇದ್ದಾಗ ಒಂದರಲ್ಲಿ 23 ಕಿ.ಮೀ., ಎರಡರಲ್ಲಿ 42, ಮೂರರಲ್ಲಿ 61, ನಾಲ್ಕರಲ್ಲಿ 79, ಐದರಲ್ಲಿ 105. ಟೋಲ್ ಗೇಟಿಗೆ ಬರುವಾಗ ಬ್ರೇಕ್ ಹಿಡಿದು 30ಕ್ಕೆ ಇಳಿದಿದ್ದರೆ ಐದರಿಂದ ನೇರ ಎರಡು ಹಾಕಿ, ಏನೂ ಆಗದು. ಆದರೆ 100ರಲ್ಲಿ ಓವರ್‌ಟೇಕ್ ಮಾಡುವ ಗಡಿಬಿಡಿಯಲ್ಲಿ ನಾಲ್ಕರ ಬದಲು ಎರಡಕ್ಕೆ ಎಳೆದು ಕ್ಲಚ್ ಬಿಟ್ಟರೆ ಚಕ್ರಗಳು ಎಂಜಿನ್ನನ್ನು 7000 ದಾಟಿಸುತ್ತವೆ. ಎಂಜಿನ್ ಸುತ್ತು ಮಿತಿ ಮೀರದಂತೆ ತಡೆಯುವ ರೆವ್ ಲಿಮಿಟರ್ ಪೆಟ್ರೋಲ್ ನಿಲ್ಲಿಸಬಲ್ಲದು, ಚಕ್ರವನ್ನು ನಿಲ್ಲಿಸಲಾರದು. ವಾಲ್ವ್ ಬಗ್ಗಿದರೆ ಖರ್ಚು ದೊಡ್ಡದು. ಲಿವರನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗಬೇಡಿ. ಐದರಿಂದ ನಾಲ್ಕಕ್ಕೆ ಅಂಗೈಯಲ್ಲಿ ಮೊದಲು ನ್ಯೂಟ್ರಲ್‌ಗೆ ತನ್ನಿ, ಲಿವರ್ ತಾನಾಗೇ ನಡುವಿಗೆ ಬರಲಿ, ಆಮೇಲೆ ಹಿಂದಕ್ಕೆ ಎಳೆಯಿರಿ, ಎಡಕ್ಕೆ ಒತ್ತಡ ಹಾಕದೆ.

ಪ್ರಶ್ನೆ: ಇಳಿಜಾರಿನಲ್ಲಿ ಪಾರ್ಕ್ ಮಾಡುವಾಗ ಯಾವ ಗೇರ್‌ನಲ್ಲಿ ಬಿಡಬೇಕು? (ಮಡಿಕೇರಿಯ ಓದುಗರು)

ಉತ್ತರ: ಮೂತಿ ಏರಿನ ಕಡೆ ಇದ್ದರೆ ಒಂದನೇ ಗೇರ್, ಇಳಿಜಾರಿನ ಕಡೆ ಇದ್ದರೆ ರಿವರ್ಸ್. ಎರಡೂ ಹೆಚ್ಚು ಪಟ್ಟಿನ ಗೇರ್‌ಗಳು, ಎಂಜಿನ್ ಗಾಡಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಬ್ರೇಕ್ ಪೆಡಲ್ ಒತ್ತಿರುವಾಗಲೇ ಮೊದಲು ಹ್ಯಾಂಡ್‌ಬ್ರೇಕ್ ಎಳೆಯಿರಿ, ಆಮೇಲೆ ಗೇರ್ ಹಾಕಿ. ಮಡಿಕೇರಿಯ ಇಳಿಜಾರಿಗೆ ಚಕ್ರದ ಇಳಿಜಾರಿನ ಮಗ್ಗುಲಿಗೆ ಒಂದು ಕಲ್ಲೂ ಇರಲಿ. ಹೊರಡುವಾಗ ಕಲ್ಲು ತೆಗೆದು ಬದಿಗೆ ಹಾಕಿ, ಕತ್ತಲಲ್ಲಿ ಬೈಕಿನವರು ಬರುತ್ತಾರೆ.